ನಮ್ಮ ಸೈನ್ಯಕ್ಕೆ ದಾರಿ ತೋರಿಸಿದ ಪರದೇಶಿ

ಮಾನ್ಯ ಪರದೇಶಿ ದಾಖಲಾತಿ ಅಧಿಕಾರಿಗಳೇ,

ತಮ್ಮ ಕಚೇರಿಯ ವಹಿಯಲ್ಲಿ ಲುಯಿಸ್ ಎಂಬ ಸಿದ್ದಿ ಕೂಲಿಯವನ ಹೆಸರಿದೆ. ಹೆಸರಿನ ಮುಂದೆ ‘ಪೋರ್ಚುಗೀಜ್ ಪ್ರಜೆ’ ಎಂದಿದೆ. ಆ ಎರಡು ಪದಗಳಿಂದಾಗಿ ಅವನಿಗೆ ಈ ವರ್ಷ ತನ್ನ ತಾಯಿಯನ್ನು ಮಣ್ಣು ಮಾಡಲು ಹೋಗಲಾಗಲಿಲ್ಲ. ಈಗ ಅವನನ್ನು ದೇಶದಿಂದ ಹೊರಗೆ ಹಾಕಬಾರದೇಕೆ ಎಂದು ತಾವು ನೋಟೀಸು ಕಳಿಸಿದ್ದೀರಿ. ಹೊರಗೆ ಹಾಕಿ ಯಾವ ದೇಶಕ್ಕೆ ಕಳಿಸುತ್ತೀರಿ ಎಂಬುದನ್ನು ಮಾತ್ರ ಬರೆದಿಲ್ಲ. ಅವನು ಹುಟ್ಟಿದ ಊರು ನಾಲ್ಕೂವರೆ ವರ್ಷದಿಂದ ಭಾರತದಲ್ಲಿದೆ. ಅವನು ಸಂಸಾರ ಮಾಡಿಕೊಂಡಿರುವ ಅಣಶಿಯ ಕಾಡು ಯಾವತ್ತಿನಿಂದಲೂ ಭಾರತದಲ್ಲಿದೆ. ಇವೆರಡರ ನಡುವೆ ಪೋರ್ಚುಗಲ್ ಎಲ್ಲಿ ಅಡಗಿದೆ ಎಂದು ತಮಗೆ ಗೊತ್ತಿದ್ದರೆ ದಯವಿಟ್ಟು ಸೈನ್ಯದವರಿಗೆ ತಿಳಿಸಬೇಕು. ಅವರು ಅದನ್ನು ಸಾವಿರದ ಒಂಬೈನೂರ ಅರವತ್ತೊಂದರಲ್ಲೇ ಕಳಿಸಿಕೊಟ್ಟೆವೆಂದು ತಿಳಿದಿದ್ದಾರೆ.

ನಾನು ಹಳಿಯಾಳದಲ್ಲಿ ತಮ್ಮ ಕಚೇರಿಯ ಎದುರಿಗೇ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನು. ಹೆಸರು ಅಂದಾನೆಪ್ಪ. ಧಾರವಾಡ ಕಡೆಯವನು. ಈ ಊರಿಗೆ ಬಂದು ಹತ್ತು ವರ್ಷವಾಯಿತು. ವಹಿಯಿಂದ ಹೆಸರು ತೆಗೆಯಬೇಕೆಂದು ಲುಯಿಸ್‌ನ ಪರವಾಗಿ ತಮ್ಮ ಕಚೇರಿಗೆ ಏಳು ಅರ್ಜಿ ಬರೆದಿದ್ದೇನೆ. ಏಳಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದಿದೆ. ಎಂಟನೆಯದನ್ನು ಹಾಗೆ ಪರಿಶೀಲನೆಗೆ ಕಳಿಸಲು ಆಗದಿರಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಓದುಗರು ಪರಿಶೀಲಿಸಲಿ.

ಲುಯಿಸ್ ಯಾರು ಎಂದು ಮೊದಲು ಹೇಳಬೇಕು. ಅವನ ಪೂರ್ವಜರನ್ನು ಆಫ್ರಿಕದಿಂದ ಹಡಗಿನಲ್ಲಿ ಹೇರಿಕೊಂಡು ಬಂದು ಗೋವಾದಲ್ಲಿ ಮಾರಿದ್ದರು. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿ ನಮ್ಮ ಕಾಡುಗಳಲ್ಲಿ ಬೀಡುಬಿಟ್ಟರು. ತಪ್ಪಿಸಿಕೊಳ್ಳದವರ ಮೊಮ್ಮಗಳು ಇಜಾಬೆಲ್. ಘಟ್ಟದ ಕೆಳಗೆ ಒಬ್ಬ ದೊಡ್ಡ ಜಮೀನುದಾರನ ತೆಂಗಿನ ತೋಟದಲ್ಲಿ ಅವಳಿಗೆ ಕೆಲಸ, ಅಲ್ಲೇ ಗುಡಿಸಲು. ಅವಳ ಒಬ್ಬನೇ ಮಗ ಲುಯಿಸ್. ಅವನು ಕಾಡಿನಿಂದ ಮರ ಎಳೆಯುತ್ತಿದ್ದ. ಗಡಿಯ ಎರಡೂ ಬದಿಯ ಕಾಡು ಅವನಿಗೆ ತನ್ನ ಅಂಗೈಯಷ್ಟು ಪರಿಚಯ.

ಸಾವಿರದ ಒಂಬೈನೂರ ಐವತ್ತೈದರ ಆಗಸ್ಟಿನಲ್ಲಿ ಗೋವಾ ಬಿಡುಗಡೆಗೆಂದು ದೇಶದ ನಾನಾ ಕಡೆಯಿಂದ ಸತ್ಯಾಗ್ರಹಿಗಳು ಬರಿಗೈಯಲ್ಲಿ ಗಡಿ ದಾಟಿದ್ದು ತಮಗೆ ನೆನಪಿರಬಹುದು. ಹಾಗೆ ದಾಟಿದ ಒಂದು ಚಿಕ್ಕ ತಂಡದಲ್ಲಿ ನಾನೂ ಇದ್ದೆ. ಆಗ ನನಗೆ ಇಪ್ಪತ್ತಾರು. ಮಳೆ ಹಿಡಿದಿತ್ತು. ಧ್ವಜ ಹಿಡಿದು ಅರ್ಧ ಹರದಾರಿ ನಡೆದಿದ್ದೆವೋ ಇಲ್ಲವೋ, ಎದುರಿನ ದಿಬ್ಬದಿಂದ ಗುಂಡು ಹಾರಿದವು. ನನ್ನ ಎಡಗಾಲಿನ ಮೀನಖಂಡಕ್ಕೆ ಒಂದು ಬಡಿಯಿತು. ಉಳಿದವರು ಚದುರಿದರು. ನಾನು ಒಂದು ತೋಡಿನಲ್ಲಿ ಉರುಳಿ ಬಿದ್ದೆ. ಮಧ್ಯಾಹ್ನದ ಹೊತ್ತಿಗೆ ಜಿಗಳೆ ಹತ್ತಿದ ಕಾಲನ್ನು ನೋಡುತ್ತ, ಇಲ್ಲಿಯೇ ಮುಗಿಯಿತು ಎಂದುಕೊಂಡಿರುವಾಗ ಮೇಲಿನಿಂದ ಒಬ್ಬ ಆಳು ಬಗ್ಗಿ ನೋಡಿದ.

“ಭಾರತದವ್ರೇನ್ರಿ?” ಎಂದ. ಕೊಂಕಣಿ ಬೆರೆಸಿದ ಕನ್ನಡ.

ನಾನು ಹೌದೆಂದೆ.

“ಸುಮ್ನ ಬಿದ್ದಿರ್ರಿ. ಚೀರಬ್ಯಾಡ್ರಿ. ಪಾಕಲೆ ಪೊಲೀಸರು ಇನ್ನೂ ಅಲ್ಲೇ ಅದಾರ.”

ಪಾಕಲೆ ಎಂದರೆ ಅವರ ಬಾಯಲ್ಲಿ ಪೋರ್ಚುಗೀಜ. ಪೊಲೀಸರು ಹೋದ ಮೇಲೆ ಅವನು ಇಳಿದು ಬಂದ, ಸೊಂಟದ ಬಟ್ಟೆ ಹರಿದು ಗಾಯಕ್ಕೆ ಕಟ್ಟಿದ, ನನ್ನನ್ನು ಅಕ್ಕಿಯ ಚೀಲದಂತೆ ಬೆನ್ನಿಗೆ ಹೇರಿಕೊಂಡ. ಎರಡು ಹಗಲು ನಡೆದ. ದಾರಿಯಲ್ಲಿ ಒಂದು ಕಡೆ ತನ್ನ ಗುಡಿಸಲಿಗೆ ಒಯ್ದ. ಅವನ ತಾಯಿ ಇಜಾಬೆಲ್ ನನಗೆ ಗಂಜಿ ಕುಡಿಸಿದಳು. ಗಾಯಕ್ಕೆ ಯಾವುದೋ ಸೊಪ್ಪು ಅರೆದು ಹಚ್ಚಿದಳು. ನಾನು ಯಾರು, ಯಾವ ಜಾತಿ, ಏಕೆ ಬಂದೆ ಎಂದು ಕೇಳಲಿಲ್ಲ. ಕೇಳಿದ್ದು ಒಂದೇ: ನಿನ್ನ ಅವ್ವ ಇದ್ದಾಳೆಯೇ? ಇದ್ದಾಳೆ ಎಂದೆ. ಹಾಗಾದರೆ ಬೇಗ ಒಯ್ಯಿ ಎಂದು ಮಗನಿಗೆ ಹೇಳಿದಳು.

ಅವನು ನನ್ನನ್ನು ಗಡಿಯ ಈಚೆ ಇಳಿಸಿ ಹಿಂದಿರುಗುವಷ್ಟರಲ್ಲಿ ಸುದ್ದಿ ಬಂತು. ಸತ್ಯಾಗ್ರಹಿಗೆ ಆಸರೆ ಕೊಟ್ಟರೆಂದು ಪೊಲೀಸರು ಗುಡಿಸಲಿಗೆ ಬೆಂಕಿ ಹಚ್ಚಿದ್ದರು, ಇಜಾಬೆಲ್‌ಳ ಎರಡೂ ಅಂಗೈ ಬಾಯುವಂತೆ ಹೊಡೆದಿದ್ದರು, ಮಗ ಕಂಡರೆ ಗುಂಡಿಕ್ಕುತ್ತೇವೆ ಎಂದಿದ್ದರು. ಲುಯಿಸ್ ಈಚೆಯೇ ಉಳಿದ. ಗಡಿ ಮುಚ್ಚಿತು. ಆರು ವರ್ಷ ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇತ್ತ ನನಗೆ ಊರಿನಲ್ಲಿ ಹಾರ ಹಾಕಿದರು. ಈಗಲೂ ಆಗಸ್ಟ್ ಹದಿನೈದರಂದು ವೇದಿಕೆಯ ಮೇಲೆ ಒಂದು ಕುರ್ಚಿ ನನಗೆ ಮೀಸಲು. ಕುಂಟುತ್ತ ಮೆಟ್ಟಿಲು ಹತ್ತುವಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹೋದ ವರ್ಷ ತಾವೂ ತಟ್ಟಿದ್ದನ್ನು ನಾನು ನೋಡಿದ್ದೇನೆ.

ಇನ್ನು ಹೇಳಬೇಕಾದದ್ದನ್ನು ಹೇಳಲು ನನಗೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐವತ್ತೆಂಟರಲ್ಲಿ ದಾಂಡೇಲಿಯ ಕಾಗದದ ಕಾರಖಾನೆಗೆ ಬಿದಿರು ಕಡಿಯಲು ಆಳುಗಳನ್ನು ತೆಗೆದುಕೊಳ್ಳುತ್ತಿದ್ದರು. ಕಾಡಿನೊಳಗೆ ಹೋಗಲು ಪಾಸು ಬೇಕಿತ್ತು. ಪಾಸಿಗೆ ಒಂದು ಫಾರಮು. ಲುಯಿಸ್ ಅದನ್ನು ಹಿಡಿದುಕೊಂಡು ನನ್ನ ಮೇಜಿನ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ. ನಾನು ಕೇಳುತ್ತ ಹೋದೆ, ತುಂಬುತ್ತ ಹೋದೆ.

“ಹುಟ್ಟಿದ್ದ ಎಲ್ಲೆ?”

“ಘಟ್ಟದ ಕೆಳಗ್ರಿ, ಅಣ್ಣಾರ. ನಿಮಗ ಗೊತ್ತಲ್ಲ.”

ನಾನು ಹುಟ್ಟಿದ ಸ್ಥಳ ಗೋವಾ ಎಂದು ಬರೆದೆ. ಮುಂದಿನ ಸಾಲಿನಲ್ಲಿ ಯಾವ ದೇಶದ ಪ್ರಜೆ ಎಂದಿತ್ತು. ಅದನ್ನು ಅವನಿಗೆ ಓದಿ ಹೇಳಲೂ ಇಲ್ಲ. ಕಾಯಿದೆ ಬಲ್ಲವನೆಂಬ ಬಿಗುಮಾನ ನನಗೆ. ಗೋವಾ ಆಗ ಪೋರ್ಚುಗೀಜರದು. ದುಂಡಗಿನ ಅಕ್ಷರದಲ್ಲಿ ‘ಪೋರ್ಚುಗೀಜ್ ಪ್ರಜೆ’ ಎಂದು ಬರೆದೆ.

“ಏನ್ ಬರದ್ರಿ?” ಎಂದು ಕೇಳಿದ.

“ಖರೇ ಇದ್ದದ್ದ ಬರದೇನಿ,” ಎಂದೆ.

ಅವನು ನಕ್ಕು ಹೆಬ್ಬೆಟ್ಟು ಒತ್ತಿದ. ಮಾನ್ಯರೇ, ತಮ್ಮ ವಹಿಯಲ್ಲಿರುವ ಆ ನಮೂದು ಆ ಫಾರಮಿನಿಂದ ಎತ್ತಿಕೊಂಡದ್ದು. ಅವನು ತಾನಾಗಿ ಯಾರ ಮುಂದೆಯೂ ತಾನು ಪೋರ್ಚುಗೀಜ ಎಂದು ಹೇಳಿಲ್ಲ. ಅಂದು ಅವನು ಯಾರನ್ನು ಹೊತ್ತು ತಂದಿದ್ದನೋ ಅವನೇ ಅದನ್ನು ಬರೆದದ್ದು. ನಾನೇ. ಇದನ್ನು ಮೂರನೆಯ ಅರ್ಜಿಯಲ್ಲಿ ಸ್ಪಷ್ಟವಾಗಿ ತಿಳಿಸಿದ್ದೇನೆ. ತಾವು ಓದಿದಂತಿಲ್ಲ. ಅರ್ಜಿ ಬರೆಯುವವನ ತಪ್ಪೊಪ್ಪಿಗೆ ಬಂದರೆ ಅದನ್ನು ಯಾವ ಕಡತದಲ್ಲಿ ಇಡಬೇಕೆಂದು ತಮ್ಮಲ್ಲಿ ನಿಯಮವಿಲ್ಲವೇನೋ.

ಅರವತ್ತೊಂದರ ಡಿಸೆಂಬರಿನ ವಿಷಯ. ನಮ್ಮ ಸೈನ್ಯದ ಲಾರಿಗಳು ಗಡಿಯ ಕಡೆ ಸಾಲುಗಟ್ಟಿ ಹೋದದ್ದನ್ನು ಈ ಸೀಮೆಯವರೆಲ್ಲ ನೋಡಿದ್ದಾರೆ. ಕಾಡಿನ ಒಂದು ಬದಿಯಿಂದ ಇಳಿಯಬೇಕಿದ್ದ ಚಿಕ್ಕ ತುಕಡಿಯೊಂದಕ್ಕೆ ದಾರಿ ಬಲ್ಲವರು ಬೇಕಾಗಿದ್ದರು. ಬಿದಿರು ಕಡಿಯುವ ಕೂಪಿನಲ್ಲಿ ಕೇಳಿದರು. ದಾರಿ ಬಲ್ಲವರು ಇದ್ದರು, ಆದರೆ ದಾರಿಯಲ್ಲಿ ಸಿಡಿಮದ್ದು ಹುಗಿದಿದ್ದಾರೆ ಎಂಬ ಮಾತೂ ಇತ್ತು. ಲುಯಿಸ್ ಕೊಡಲಿ ಕೆಳಗಿಟ್ಟು ಎದ್ದ. ಅವನ ಹೆಂಡತಿ ಲೂಸಿ ಆಗ ಆರು ತಿಂಗಳ ಬಸುರಿ. “ನಿನಗ್ಯಾಕ ಬೇಕಾಗೇತಿ?” ಎಂದು ಅವನ ಅಂಗಿ ಹಿಡಿದು ಜಗ್ಗಿದಳಂತೆ. “ಅವ್ವ ಅಲ್ಲೆ ಅದಾಳ,” ಎಂದನಂತೆ ಅವನು. ಅಷ್ಟೇ. ದೇಶ, ಸ್ವಾತಂತ್ರ್ಯ ಎಂಬ ಮಾತುಗಳನ್ನು ಅವನು ಆಡಿದ್ದನ್ನು ನಾನು ಇಂದಿಗೂ ಕೇಳಿಲ್ಲ. ಅವನ್ನು ವೇದಿಕೆಯ ಮೇಲೆ ನಾವು ಆಡುತ್ತೇವೆ.

ಮೂರು ದಿನ ಅವನು ತುಕಡಿಯ ಮುಂದೆ ನಡೆದ. “ನಾ ಮುಂದ ಹೋಗ್ತೇನಿ. ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಡ್ರಿ,” ಎಂದು ಸನ್ನೆ ಮಾಡಿ ತೋರಿಸಿದನಂತೆ. ಪೋರ್ಚುಗೀಜರು ಒಡೆದು ಹೋಗಿದ್ದ ಸೇತುವೆಯನ್ನು ಬಿಟ್ಟು ಸುತ್ತುಬಳಸಿ, ಮೊಣಕಾಲು ನೀರಿನಲ್ಲಿ ಹೊಳೆ ದಾಟುವ ಜಾಗಕ್ಕೆ ಕರೆದೊಯ್ದ. ಡಿಸೆಂಬರ್ ಹತ್ತೊಂಬತ್ತರಂದು ಗೋವಾ ನಮ್ಮದಾದಾಗ ಅವನು ತಾಯಿ ಮತ್ತೆ ಕಟ್ಟಿಕೊಂಡಿದ್ದ ಗುಡಿಸಲಿನ ಮುಂದೆ ನಿಂತಿದ್ದ. ತುಕಡಿಯ ಕ್ಯಾಪ್ಟನ್ ಒಂದು ಚೀಟಿ ಬರೆದುಕೊಟ್ಟ. ಸೀಸದಕಡ್ಡಿಯಲ್ಲಿ ಬರೆದ ಇಂಗ್ಲಿಷು. ಕಾರಖಾನೆಯ ಗುಮಾಸ್ತರೊಬ್ಬರಿಂದ ಓದಿಸಿದೆ. ‘ಈ ಮನುಷ್ಯ ತಾನಾಗಿ ಮುಂದೆ ಬಂದ. ಇವನಿಲ್ಲದಿದ್ದರೆ ನನ್ನ ಕೆಲವು ಹುಡುಗರು ಬದುಕಿರುತ್ತಿರಲಿಲ್ಲ. ಇವನಿಗೆ ನೆರವಾದವರು ನನಗೆ ನೆರವಾದಂತೆ.’ ಕೆಳಗೆ ಒಂದು ಸಹಿ, ಓದಲು ಬರುವುದಿಲ್ಲ.

ಆ ಮೇಲೆ ನಾಲ್ಕು ವರ್ಷ ಎಲ್ಲ ಸರಿಯಿತ್ತು. ತಾಯಿ ತನ್ನ ಜಾಗ ಬಿಟ್ಟು ಬರಲೊಪ್ಪಲಿಲ್ಲ. ಮಗ ಆಗಾಗ ಇಳಿದು ಹೋಗಿ ನೋಡಿ ಬರುತ್ತಿದ್ದ. ಹೋದ ವರ್ಷ ಪಾಕಿಸ್ತಾನದೊಂದಿಗೆ ಯುದ್ಧ ಬಂತು. ಯುದ್ಧ ಪಂಜಾಬಿನಲ್ಲಿ ನಡೆಯಿತು. ತಮ್ಮ ಕಚೇರಿ ಹಳಿಯಾಳದಲ್ಲಿ ಎಚ್ಚರವಾಯಿತು. ಪರದೇಶಿಗಳನ್ನು ಹುಡುಕಬೇಕೆಂದು ಹಳೆಯ ಕಾಗದ ಕೆದಕಿದಿರಿ, ಒಬ್ಬ ಸಿಕ್ಕ. ಪ್ರತಿ ಸೋಮವಾರ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಬೇಕು, ಅಪ್ಪಣೆಯಿಲ್ಲದೆ ಹಳಿಯಾಳ, ಸೂಪಾ ಸೀಮೆ ಬಿಟ್ಟು ಹೋಗಬಾರದು ಎಂದು ಆಜ್ಞೆಯಾಯಿತು. ಅಣಶಿಯ ಕಾಡಿನಿಂದ ಹಳಿಯಾಳ ಎಷ್ಟು ದೂರ ಎಂದು ತಾವು ನಕಾಶೆಯಲ್ಲಿ ನೋಡಿರಬಹುದು. ಅವನು ಅದನ್ನು ಕಾಲಿನಲ್ಲಿ ನೋಡಿದ್ದಾನೆ. ಬಿದಿರಿನ ಲಾರಿ ಸಿಕ್ಕರೆ ಸರಿ, ಇಲ್ಲದಿದ್ದರೆ ಶನಿವಾರ ಹೊರಟು ಬುಧವಾರ ಮನೆ ಸೇರುವುದು. ವಾರದಲ್ಲಿ ಎರಡು ದಿನ ದುಡಿಯುವ ಆಳನ್ನು ಯಾವ ಕೂಪಿನಲ್ಲಿ ಇಟ್ಟುಕೊಳ್ಳುತ್ತಾರೆ?

ಮೊದಲನೆಯ ಸೋಮವಾರ ನಾನೂ ಅವನ ಜೊತೆ ಒಳಗೆ ಬಂದಿದ್ದೆ. ತಾವು ಕಚೇರಿಯಲ್ಲಿರಲಿಲ್ಲ. ತಮ್ಮ ಹೆಡ್ ಕ್ಲಾರ್ಕರು ಇದ್ದರು. ಗೋವಾದಲ್ಲಿ ಹುಟ್ಟಿದವರೆಲ್ಲ ಈಗ ಭಾರತದ ಪ್ರಜೆಗಳೆಂದು ಸರಕಾರವೇ ಆಜ್ಞೆ ಹೊರಡಿಸಿದೆಯಲ್ಲ ಎಂದೆ.

“ಅದು ಅಲ್ಲೆ ಇದ್ದಾವ್ರಿಗೆ,” ಎಂದರು. “ಇಂವಾ ಆವಾಗ ಇಲ್ಲೆ ಇದ್ದ. ಅವ್ರ ಲೆಕ್ಕದಾಗ ಬರಂಗಿಲ್ಲ.”

“ಡಿಸೆಂಬರ್ ಹತ್ತೊಂಬತ್ತಕ್ಕ ಇಂವಾ ಗೋವಾದಾಗ ಇದ್ದನ್ರಿ, ಸಾಹೇಬ್ರ. ನಮ್ಮ ಮಿಲಿಟ್ರಿ ಮುಂದ,” ಎಂದು ಕ್ಯಾಪ್ಟನ್ನನ ಚೀಟಿ ಮುಂದಿಟ್ಟೆ.

ಅವರು ಚೀಟಿಯನ್ನು ಹಿಂದೆ ಮುಂದೆ ತಿರುವಿದರು. “ಶಿಕ್ಕಾ ಎಲ್ಲೈತಿ? ಸೀಸದಕಡ್ಡಿಲೆ ಯಾರ್ ಬೇಕಾದ್ರೂ ಬರೀಬಹುದು. ಮತ್ತ ಇದು ಖರೇ ಇದ್ರ ಇನ್ನೂ ತ್ರಾಸ ಐತಿ ನೋಡ್ರಿ. ಶತ್ರು ಮುಲಕಿನ ಸಂದಿಗೊಂದಿ ಎಲ್ಲಾ ಬಲ್ಲ ಮನಷಾ ಅಂತ ಆತು. ಪಾಸ್‌ಪೋರ್ಟ್ ಇಲ್ದ ಗಡಿ ದಾಟ್ಯಾನ ಅಂತನೂ ಆತು.”

ಹಾಗೆ ಹೇಳಿ ಲುಯಿಸ್‌ನ ಕಡೆ ತಿರುಗಿ, “ನಿಂದು ಯಾವ ದೇಶಲೇ, ಖರೇ ಹೇಳು. ನಿನ್ನ ಕೂದಲಾ ನೋಡಿದ್ರ ಗೊತ್ತಾಗಂಗಿಲ್ಲೇನು?” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಲುಯಿಸ್ ತಲೆ ಎತ್ತದೆ, “ಇಲ್ಲಿಯವನ ರೀ,” ಎಂದ. ಅಲ್ಲಿದ್ದ ಮಸಿಯಲ್ಲಿ ಬೆರಳು ಅದ್ದಿ ಒತ್ತಿದ.

ಮಾನ್ಯರೇ, ತಮ್ಮ ಕಾಯಿದೆಯನ್ನು ನಾನು ಅರ್ಥ ಮಾಡಿಕೊಳ್ಳಲು ಪ್ರಯತ್ನಪಟ್ಟಿದ್ದೇನೆ. ಅಂದು ದಿಬ್ಬದ ಮೇಲಿನಿಂದ ನಮ್ಮ ಮೇಲೆ ಗುಂಡು ಹಾರಿಸಿದ ಗೋವಾದ ಪೊಲೀಸನು, ಊರು ಬಿಟ್ಟು ಅಲ್ಲಾಡಲಿಲ್ಲವಾದ್ದರಿಂದ, ಇಂದು ನನ್ನಂತೆ ನಿಮ್ಮಂತೆ ಭಾರತದ ಪ್ರಜೆ. ಇಜಾಬೆಲ್‌ಳ ಗುಡಿಸಲಿಗೆ ಬೆಂಕಿಯಿಟ್ಟವನೂ ಪ್ರಜೆ. ಗುಂಡು ತಗುಲಿದವನನ್ನು ಹೊತ್ತು ತಂದವನು ಮಾತ್ರ, ಹೊತ್ತು ತಂದ ಕಾರಣಕ್ಕಾಗಿಯೇ, ಪರದೇಶಿ. ಅವನು ನನ್ನನ್ನು ಆ ತೋಡಿನಲ್ಲಿ ಬಿಟ್ಟು ಮನೆಗೆ ಹೋಗಿ ಮಲಗಿದ್ದರೆ ಇವತ್ತು ಅವನಿಗೆ ಮತದಾನದ ಹಕ್ಕಿರುತ್ತಿತ್ತು. ನಮ್ಮ ಭಾಷೆಯಲ್ಲಿ ಪರದೇಶಿ ಎಂದರೆ ಬೇರೆ ದೇಶದವನು ಎಂದೂ ಆಗುತ್ತದೆ, ಯಾರೂ ಇಲ್ಲದವನು ಎಂದೂ ಆಗುತ್ತದೆ. ತಮ್ಮ ವಹಿಯಲ್ಲಿ ಯಾವ ಅರ್ಥದಲ್ಲಿ ಬರೆದಿದ್ದೀರಿ?

ಈ ವರ್ಷದ ಫೆಬ್ರುವರಿಯಲ್ಲಿ ಇಜಾಬೆಲ್ ಹಾಸಿಗೆ ಹಿಡಿದಳು. ಘಟ್ಟದ ಕೆಳಗೆ ಲಾರಿ ಹೊಡೆಯುವ ರಾಜೇಸಾಬ ಸುದ್ದಿ ತಂದ. ಬಹಳ ದಿನ ಉಳಿಯುವುದಿಲ್ಲ, ಮಗನ ಹೆಸರು ಹಿಡಿದು ಕರೆಯುತ್ತಿದ್ದಾಳೆ ಎಂದ. ಲುಯಿಸ್ ಮತ್ತು ಲೂಸಿ ಆ ಸೋಮವಾರ ಇಬ್ಬರೂ ನನ್ನ ಮೇಜಿನ ಹತ್ತಿರ ಬಂದರು.

“ಕಾಡಾಗಿಂದ ಇಳದು ಹೋಗ್ಲಿ ಅಂತೇನಿ,” ಎಂದಳು ಲೂಸಿ. “ಒಂದ ದಿನದ ಹಾದಿ. ಯಾರ್ ನೋಡ್ತಾರ್ರಿ?”

ನಾನು ಬೇಡವೆಂದೆ. ಸಿಕ್ಕಿಬಿದ್ದರೆ ಆಜ್ಞೆ ಮುರಿದನೆಂದು ಜೈಲಿಗೆ ಹಾಕುತ್ತಾರೆ, ವಹಿಯಿಂದ ಹೆಸರು ತೆಗೆಸುವ ಆಸೆಯೂ ಹೋಗುತ್ತದೆ ಎಂದೆ. “ಕಾಯದೆ ಪ್ರಕಾರ ಹೋಗೂಣು. ತಾಯಿ ಬ್ಯಾನಿ ಅಂದ್ರ ಯಾರರೇ ಇಲ್ಲ ಅಂತಾರೇನು? ನಾಕ್ ದಿನದಾಗ ಅಪ್ಪಣಿ ಬರ್ತೈತಿ,” ಎಂದೆ.

ಲುಯಿಸ್ ನನ್ನ ಮುಖ ನೋಡಿದ. “ನೀವ್ ಹೇಳಿದ್ರ ಆತ್ರಿ, ಅಣ್ಣಾರ,” ಎಂದ.

ಫೆಬ್ರುವರಿ ಇಪ್ಪತ್ತೊಂದರಂದು ಅರ್ಜಿ ಕೊಟ್ಟೆವು. ನಾಲ್ಕು ದಿನವಾಯಿತು. ಮೇಲಿನ ಕಚೇರಿಗೆ ಹೋಗಿದೆ ಎಂದರು. ಆರು ದಿನವಾಯಿತು. ತಾಯಿ ಎಂಬುದಕ್ಕೆ ಪುರಾವೆ ಬೇಕೆಂದು ಹಿಂದೆ ಬಂತು. ತಾಯಿಗೆ ಏನು ಪುರಾವೆ ತರಬೇಕು ಎಂದು ನಾನು ಕೇಳಿದೆ. ಹುಟ್ಟಿದ ದಾಖಲೆ ಎಂದರು. ಆ ದಾಖಲೆ ಗೋವಾದ ಇಗರ್ಜಿಯ ಪಾದ್ರಿಯ ಹತ್ತಿರ ಇದೆ, ಅಲ್ಲಿಗೆ ಹೋಗಲಿಕ್ಕೇ ಅಪ್ಪಣೆ ಕೇಳುತ್ತಿದ್ದಾನೆ ಎಂದೆ. ಅದನ್ನೂ ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ಈ ದಿನಗಳಲ್ಲೆಲ್ಲ ಲುಯಿಸ್ ಮನೆಗೆ ಹೋಗದೆ ತಮ್ಮ ಕಚೇರಿಯ ಕಟ್ಟೆಯ ಮೇಲೆ ಕೂತಿದ್ದ. ಬಾಗಿಲು ತೆರೆದಾಗಲೊಮ್ಮೆ ಎದ್ದು ನಿಲ್ಲುತ್ತಿದ್ದ. ತಾವು ಅವನ ಪಕ್ಕದಿಂದಲೇ ಒಳಗೆ ಹೋಗಿದ್ದೀರಿ.

ಲೂಸಿ ಕಾಯಲಿಲ್ಲ. ಅವಳು ಹುಟ್ಟಿದ್ದು ಗಡಿಯ ಈಚೆ, ಆದ್ದರಿಂದ ಅವಳ ಹೆಸರು ಯಾವ ವಹಿಯಲ್ಲಿಯೂ ಇಲ್ಲ. ಮಗುವನ್ನು ಎತ್ತಿಕೊಂಡು ರಾಜೇಸಾಬನ ಲಾರಿಯಲ್ಲಿ ಇಳಿದು ಹೋದಳು. ಮಾರ್ಚ್ ಎರಡರಂದು ಇಜಾಬೆಲ್ ಸತ್ತಳು. ಲೂಸಿ ತಿರುಗಿ ಬಂದು ನನಗೆ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. ಮುದುಕಿ ಕೊನೆಯ ಎರಡು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳಂತೆ. “ಮ್ಹಜೊ ಪೂತ್ ಖಂಯ್?” ನನ್ನ ಮಗ ಎಲ್ಲಿ ಎಂದು ಕೇಳುತ್ತಿದ್ದಳಂತೆ. “ವಾಟೆರ್ ಆಸಾ,” ದಾರಿಯಲ್ಲಿದ್ದಾನೆ ಎಂದು ಲೂಸಿ ಹೇಳುತ್ತಿದ್ದಳಂತೆ.

“ಎಷ್ಟ್ ಸಲ ಹೇಳೇನ್ರಿ, ದಾರ್ಯಾಗ ಅದಾನ, ದಾರ್ಯಾಗ ಅದಾನ ಅಂತ,” ಎಂದಳು ಲೂಸಿ. “ಕಡೀಕ ಮುದುಕಿ ಅಂತು, ಏನವ್ವಾ, ಅಷ್ಟ ದೂರ ಆತೇನು ಅಂವನ ಊರು? ಆ ಮಾತಿಗೆ ನಾ ಏನ್ ಹೇಳ್ಲಿ? ನೀವು ಕಾಯದೆ ಬಲ್ಲಾವ್ರು, ನೀವ ಹೇಳ್ರಿ.”

ಅದಕ್ಕೆ ಉತ್ತರ ತಮ್ಮ ಹತ್ತಿರವಿದ್ದರೆ ನನ್ನ ಮೇಜಿಗೆ ಬರೆದು ಕಳಿಸಿ, ಅವಳಿಗೆ ಓದಿ ಹೇಳುತ್ತೇನೆ.

ಅಪ್ಪಣೆ ಬಂದೇ ಬಂತು. ಮಾರ್ಚ್ ಇಪ್ಪತ್ತೊಂದರಂದು, ಹೆಣ ಮಣ್ಣಾಗಿ ಹತ್ತೊಂಬತ್ತನೆಯ ದಿನಕ್ಕೆ. ‘ತಾಯಿಯ ಅನಾರೋಗ್ಯದ ನಿಮಿತ್ತ ನಾಲ್ಕು ದಿನಗಳ ಮಟ್ಟಿಗೆ’ ಎಂದು ಟೈಪು ಮಾಡಿಸಿದ್ದಿರಿ, ದುಂಡಗೆ ಶಿಕ್ಕಾ ಹಾಕಿಸಿದ್ದಿರಿ. ನಾನು ಅದನ್ನು ಓದಿ ಹೇಳಿ, ಈಗಲಾದರೂ ಹೋಗಿ ಗೋರಿ ನೋಡಿ ಬಾ ಎಂದೆ.

ಅವನು “ಅವ್ವ ಕರದಾಗ ಹೋಗ್ಲಿಲ್ಲ, ಅಣ್ಣಾರ. ಈಗ ಸರಕಾರ ಕರೀತು ಅಂತ ಹೋಗ್ಲೇನು?” ಎಂದ. ಕಾಗದವನ್ನು ಮಡಚಿ ನನ್ನ ಮೇಜಿನ ಮೇಲೆ ಇಟ್ಟ. ನನ್ನ ಮೇಲೆ ಸಿಟ್ಟಾಗಲಿಲ್ಲ. ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಎದ್ದು ಹೋದ. ಅಂದಿನಿಂದ ಸೋಮವಾರಗಳಂದು ಬರುವುದನ್ನು ಬಿಟ್ಟ.

ಹೆಬ್ಬೆಟ್ಟು ಬರಲಿಲ್ಲವೆಂದು ತಮಗೆ ಕಳವಳವಾಯಿತು, ನೋಟೀಸು ಬಂತು. ಈ ಸಲ ಎಷ್ಟು ಚುರುಕು! ತಾಯಿ ಸಾಯುತ್ತಿದ್ದಾಳೆ ಎಂಬ ಅರ್ಜಿಗೆ ನಾಲ್ಕು ವಾರ ಬೇಕಾದ ಕಚೇರಿಗೆ, ಮಗನನ್ನು ಹೊರಗೆ ಹಾಕುವ ಕಾಗದಕ್ಕೆ ಆರು ದಿನ ಸಾಕಾಯಿತು. ನೋಟೀಸು ಒಯ್ದ ಪೇದೆಗೆ ಅಣಶಿಯ ಕಾಡಿನಲ್ಲಿ ದಾರಿ ತಪ್ಪಿತಂತೆ. ಲುಯಿಸ್‌ನೇ ಹುಡುಕಿ ತಂದು, ಗಂಜಿ ಕುಡಿಸಿ, ನೋಟೀಸು ತೆಗೆದುಕೊಂಡು, ದೊಡ್ಡ ರಸ್ತೆಯವರೆಗೆ ಬಿಟ್ಟು ಬಂದನಂತೆ. ಇದು ನಾನು ಕಟ್ಟಿದ ಕತೆಯಲ್ಲ. ತಮ್ಮ ಪೇದೆಯನ್ನೇ ಕೇಳಬಹುದು.

ಬರುವ ಜೂನ್ ಇಪ್ಪತ್ತೇಳರ ಸೋಮವಾರ ಈ ಪ್ರಕರಣದ ವಿಚಾರಣೆ ಇಟ್ಟಿದ್ದೀರಿ. ಲುಯಿಸ್ ಬರುವುದಿಲ್ಲ ಎಂದಿದ್ದ. ಲೂಸಿ ಒಪ್ಪಿಸಿದ್ದಾಳೆ, ಬರುತ್ತಾನೆ. ನಾನೂ ಒಳಗೆ ಬರುತ್ತೇನೆ. ನನ್ನ ಬೇಡಿಕೆ ಚಿಕ್ಕದು. ಅಂದು ಎಲ್ಲರ ಎದುರಿಗೆ ಆ ವಹಿ ತರಿಸಿ, ‘ಪೋರ್ಚುಗೀಜ್ ಪ್ರಜೆ’ ಎಂಬುದನ್ನು ಹೊಡೆದುಹಾಕಿ, ‘ಭಾರತೀಯ’ ಎಂದು ಬರೆದು ತಾವು ಸಹಿ ಮಾಡಬೇಕು. ನಮೂದು ತಪ್ಪೆಂದು ಬರವಣಿಗೆಯಲ್ಲಿ ಹೇಳಿಕೆ ಕೊಡಲು ನಾನು ಸಿದ್ಧ. ಸುಳ್ಳು ಬರೆದದ್ದಕ್ಕೆ ಶಿಕ್ಷೆಯಿದ್ದರೆ ಅದಕ್ಕೂ ಸಿದ್ಧ. ಅದು ಆಗುವುದಿಲ್ಲ, ವಹಿಯಲ್ಲಿ ಒಬ್ಬ ಪರದೇಶಿ ಇರಲೇಬೇಕು ಎನ್ನುವುದಾದರೆ ನನ್ನ ಹೆಸರು ಬರೆದುಕೊಳ್ಳಿ. ಪಾಸ್‌ಪೋರ್ಟ್ ಇಲ್ಲದೆ ಪರರಾಜ್ಯದ ಗಡಿ ದಾಟಿದವನು ನಾನೂ ಹೌದು. ನನ್ನ ಮನೆ ತಮ್ಮ ಕಚೇರಿಗೆ ಕೂಗಳತೆಯಲ್ಲಿದೆ, ಸೋಮವಾರ ಸೋಮವಾರ ಬಂದು ಹೋಗಲು ನನಗೇನೂ ತೊಂದರೆಯಿಲ್ಲ. ಅವನ ಜಾಗ ಖಾಲಿ ಮಾಡಿಕೊಡಿ.

ಅವನಿಗೆ ಮಳೆ ಜೋರಾಗುವ ಮೊದಲು ಒಮ್ಮೆ ಘಟ್ಟ ಇಳಿಯುವುದಿದೆ. ತಾಯಿಯ ಗೋರಿಗೆ ಇನ್ನೂ ಶಿಲುಬೆ ನೆಟ್ಟಿಲ್ಲ. ಮತ್ತಿಯ ಕಟ್ಟಿಗೆಯಲ್ಲಿ ಅವನೇ ಕೆತ್ತಿ ಇಟ್ಟಿದ್ದಾನೆ. ಅದನ್ನು ಯಾರ ಅಪ್ಪಣೆಯನ್ನೂ ಕೇಳದೆ ಒಯ್ಯಬೇಕೆಂದು ಇಟ್ಟುಕೊಂಡು ಕೂತಿದ್ದಾನೆ.

ಇಂತಿ,
ಸಾವಿರಾರು ಅರ್ಜಿಗಳ ಕೊನೆಗೆ ‘ತಮ್ಮ ವಿಧೇಯ’ ಎಂದು ಬರೆದು, ಇದೊಂದರಲ್ಲಿ ಬರೆಯಲು ಕೈ ಏಳದ,
ಅಂದಾನೆಪ್ಪ
ಅರ್ಜಿ ಬರೆಯುವವನು, ಹಳಿಯಾಳ
ಜೂನ್, ೧೯೬೬